ಕೆನ್ನೆಗೆ ಕೈಕೊಟ್ಟು ಕೂತ ಅಮ್ಮ

ಅಮ್ಮ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಒಂದು ಭಾನುವಾರ "ಎಲ್ಲಾದರೂ ಕರ್ಕೊಂಡು ಹೋಗು, ಈ ಗೋಡೆ ನೋಡಿ ಸಾಕಾಯ್ತು" ಅಂದರು. ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಮ್ಮಿಗೆ ಹೋದೆವು. ಬೇರೆ ಗೋಡೆಗಳು, ಅಷ್ಟೇ.

ಅಲ್ಲಿ ಚಿತ್ರಕಾರ್ತಿ ಮೇರಿ ಕಸಾಟ್ ಸುಮಾರು 1889ರಲ್ಲಿ ಬರೆದ ತನ್ನ ಅಮ್ಮನ ಚಿತ್ರವಿದೆ. ಕಪ್ಪು ಬಟ್ಟೆ ತೊಟ್ಟ ವಯಸ್ಸಾದ ಹೆಂಗಸು, ಕೆನ್ನೆಗೆ ಕೈಕೊಟ್ಟು ಎತ್ತಲೋ ನೋಡುತ್ತಾ ಕೂತಿದ್ದಾರೆ. ನಮ್ಮ ಮನೆಯ ಫೋಟೋಗಳಲ್ಲಿ ಅಮ್ಮಂದಿರು ಹೀಗೆ ಕೂರುವುದಿಲ್ಲ, ಅಲ್ವಾ? ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಈಕೆ ಮಗಳು ಎದುರಿಗಿರುವುದನ್ನೇ ಮರೆತಂತಿದೆ.

ಮೇರಿಗೆ ಅಚ್ಚುಚಿತ್ರದ ಹುಚ್ಚೂ ಇತ್ತು. 1879ರ ಸುಮಾರಿಗೆ ಚಿತ್ರಕಾರ ಗೆಳೆಯರಾದ ಡೆಗಾ, ಪಿಸಾರೋ ಜೊತೆ ಸೇರಿ ಹತ್ತಿಸಿಕೊಂಡದ್ದು. ಆ ಅಚ್ಚುಗಳಲ್ಲಿ ಅಮ್ಮ ಇನ್ನೂ ಹತ್ತಿರ ಬರುತ್ತಾರೆ. ಒಂದರಲ್ಲಿ ಹೆಣಿಗೆ ಹಾಕುತ್ತಿದ್ದಾರೆ, ಇನ್ನೊಂದರಲ್ಲಿ ಸಂಜೆ ದೀಪದ ಕೆಳಗಿದ್ದಾರೆ. ಮಾಡುವ ಬಗೆ ನನಗೆ ತುಂಬಾ ಇಷ್ಟವಾಯಿತು. ತಾಮ್ರದ ತಗಡಿಗೆ ಮೆತ್ತನೆಯ ಮೇಣದಂಥ ಲೇಪ ಹಚ್ಚುತ್ತಾರೆ. ಮೇಲೆ ಕಾಗದ ಹಾಸಿ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಕಾಗದ ಎತ್ತಿದಾಗ ಒತ್ತಿದ ಕಡೆಯ ಲೇಪ ಅದಕ್ಕೆ ಅಂಟಿಕೊಂಡು ಬರುತ್ತದೆ. ಆಸಿಡ್ಡು ಅಲ್ಲಿ ಮಾತ್ರ ತಾಮ್ರವನ್ನು ತಿನ್ನುತ್ತದೆ. ತಿಂದ ಕಡೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದರೆ ಅಚ್ಚು. ಕೈ ಎಲ್ಲಿ ಜಾಸ್ತಿ ಒತ್ತಿತು, ಎಲ್ಲಿ ಸುಮ್ನೆ ಸವರಿತು ಅನ್ನುವುದೂ ಅಚ್ಚಿನಲ್ಲಿ ಉಳಿದುಬಿಡುತ್ತದೆ. ಬಣ್ಣದ ಚಿತ್ರಕ್ಕಿಂತ ನನಗೆ ಇದೇ ಹೆಚ್ಚು. ಹೆಣಿಗೆ ಹಾಕುತ್ತಿರುವ ಅಮ್ಮನ ಪಕ್ಕ, ಮಾತಿಲ್ಲದೆ, ಮಗಳದ್ದೂ ಒಂದು ಕೈಕೆಲಸ.

ಚಿತ್ರದ ಮುಂದೆ ನಿಂತು ಅಮ್ಮನಿಗೆ ಕಥೆ ಹೇಳಿದೆ. ಈ ಮನೆಯವರು ಅಮೆರಿಕದವರು. ಮಗಳು ಪ್ಯಾರಿಸ್ಸಿನಲ್ಲಿದ್ದಳು. 1877ರಲ್ಲಿ ಅಪ್ಪ, ಅಮ್ಮ, ಅಕ್ಕ ಲಿಡಿಯಾ ಮೂವರೂ ಅಲ್ಲಿಗೇ ಬಂದರು. ಮಾರನೇ ವರ್ಷ ಮೇರಿ ಬರೆದ ಚಿತ್ರದಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಫ್ರೆಂಚ್ ಪೇಪರ್ ಫಿಗಾರೋ ಓದುತ್ತಿದ್ದಾರೆ.

"ಭಾಷೆ ಬರ್ತಿತ್ತು, ಪುಣ್ಯವಂತೆ" ಅಂದರು ಅಮ್ಮ. ಅವರು ಇಲ್ಲಿ ಪ್ರಜಾವಾಣಿ ಓದುವುದು ಮೊಬೈಲಿನಲ್ಲಿ, ಅದೂ ಗೊಣಗುತ್ತಾ.

ಸ್ವಲ್ಪ ಹೊತ್ತು ನೋಡಿ ಕೇಳಿದರು, "ಆಮೇಲೆ ಊರಿಗೆ ವಾಪಸ್ ಹೋದರಾ?"

"ಇಲ್ಲಮ್ಮ. ಲಿಡಿಯಾ 1882ರಲ್ಲಿ, ಅಪ್ಪ 1891ರಲ್ಲಿ, ಈಕೆ 1895ರಲ್ಲಿ. ಎಲ್ಲರೂ ಫ್ರಾನ್ಸಿನಲ್ಲೇ ತೀರಿಹೋದರು."

ಅಮ್ಮ ಏನೂ ಅನ್ನಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡರು. ಆಮೇಲೆ, "ನನ್ನ ಟಿಕೆಟ್ಟು ಹದಿನಾಲ್ಕಕ್ಕಾ, ಹದಿನೈದಕ್ಕಾ?"