ಇ.ಸಿ. ಕ್ಲೀನ್ ಇದೆ, ಇನ್ನೇನು ನೋಡಬೇಕು?

ಮನೆ ಕೊಳ್ಳುವವರು ವಕೀಲರ ಮೇಜಿನ ಮೇಲೆ ಮೊದಲು ಇಡುವುದು ಇ.ಸಿ.ಯನ್ನೇ, ಅಂದರೆ ಋಣಭಾರ ಪ್ರಮಾಣಪತ್ರವನ್ನೇ. 'ಹದಿನೈದು ವರ್ಷದ್ದು ತೆಗೆಸಿದ್ದೀವಿ ಸಾರ್, ಏನೂ ಇಲ್ಲ, ಅಡ್ವಾನ್ಸ್ ಕೊಟ್ಟುಬಿಡೋಣವಾ?' ಅಂತ ಕೇಳುತ್ತಾರೆ. ಸ್ವಲ್ಪ ತಡೆಯಿರಿ. ಋಣಭಾರ ಪ್ರಮಾಣಪತ್ರ ಅಂದರೆ ಆ ಆಸ್ತಿಯ ಬಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿ, ಅಷ್ಟೇ. ವ್ಯವಹಾರ ನಡೆದಿದ್ದರೆ ನಮೂನೆ 15 ಬರುತ್ತದೆ, ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಕರಾರು, ಮನೆಯಲ್ಲೇ ಕೂತು ಬರೆದ ಪಾಲುಪಟ್ಟಿ, ಪೆಟ್ಟಿಗೆಯಲ್ಲಿರುವ ವಿಲ್ಲು, ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಮೂಲ ಪತ್ರ ಒತ್ತೆಯಿಟ್ಟು ತಂದ ಸಾಲ, ಇವೆಲ್ಲ ಅದರಲ್ಲಿ ಕಾಣದೆಯೇ ಇರಬಹುದು. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ. ನಮಗೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಹಾಗಾಗಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು, ಅಣ್ಣತಮ್ಮಂದಿರ ಹೆಸರು ಹಾಕಿ ಹುಡುಕಿಸಿ. ಸಾಲಕ್ಕೆ, ಒತ್ತೆಯಿಟ್ಟ ಆಸ್ತಿಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲಿ ಒಂದು ಹುಡುಕಾಟ. ಅದರ ಶುಲ್ಕ ತೀರಾ ಕಡಿಮೆ.

ಇ.ಸಿ. ತೆಗೆಸುವುದರಲ್ಲೂ ಎರಡು ಕಡೆ ಎಡವುತ್ತಾರೆ. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುವುದು 1-4-2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಬೇರೆ ಅರ್ಜಿ ಹಾಕಬೇಕು, ಕಚೇರಿಯ ಹಳೆಯ ಪುಸ್ತಕ ನೋಡಿ ಕೊಡುತ್ತಾರೆ. ಕನಿಷ್ಠ 30 ವರ್ಷ ನೋಡುವುದು ವಾಡಿಕೆ. ಇನ್ನೊಂದು, ನಂಬರಿನ ಗೋಜಲು. ಇವತ್ತು ಮನೆ ನಂಬರು ಇರುವ ಜಾಗ ಹಿಂದೆ ಸೈಟ್ ನಂಬರು, ಅದಕ್ಕೂ ಹಿಂದೆ ಸರ್ವೆ ನಂಬರು. ಈಗಿನ ನಂಬರೊಂದನ್ನೇ ಕೊಟ್ಟು ಹುಡುಕಿಸಿದರೆ 'ಏನೂ ಇಲ್ಲ' ಅಂತಲೇ ಬರುತ್ತದೆ. ಹಳೆಯ ನಂಬರುಗಳನ್ನೆಲ್ಲ ಹಾಕಿ, ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ಪ್ರತಿ ಪತ್ರದ ಜೊತೆ ಹೋಲಿಸಿ ನೋಡಬೇಕು. ಪೂರ್ವಕ್ಕೆ ರಸ್ತೆ ಅಂತಿದ್ದದ್ದು ಮುಂದಿನ ಪತ್ರದಲ್ಲಿ ಬೇರೆಯವರ ಸೈಟ್ ಆಗಿದ್ದರೆ ಆ ರಸ್ತೆ ಎಲ್ಲಿಗೆ ಹೋಯಿತು ಅಂತ ಕೇಳಿ.

ಖಾತಾ ಇದ್ದರೆ ಮಾಲೀಕರೇ ತಾನೇ? ಅಲ್ಲ. ಖಾತಾ ತೆರಿಗೆಗಾಗಿ ಇಟ್ಟ ದಾಖಲೆ. ಅದರಿಂದ ಹಕ್ಕು ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. ಆದರೂ ಈಗ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ಕ್ರಯಪತ್ರ ನೋಂದಣಿಯಾಗುವುದಿಲ್ಲ, ಆದ್ದರಿಂದ ಕರಾರಿಗೆ ಮೊದಲೇ ಅಂತಿಮ ಇ-ಖಾತಾ ಕೇಳಿ, ಕರಡು ಸಾಲದು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಎಂಬ ಆನ್‌ಲೈನ್ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಇರಬೇಕು. 11ಬಿ ಕೈಗಿಟ್ಟರೆ ಆ ಜಾಗಕ್ಕೆ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಅಥವಾ ಬಡಾವಣೆ ನಕ್ಷೆಯ ಅನುಮೋದನೆ ಕೊರತೆಯಿದೆ ಎಂದೇ ತಿಳಿದು ಮುಂದಿನ ಪ್ರಶ್ನೆ ಕೇಳಿ.

ನಿಜವಾದ ತಗಾದೆ ಹುಟ್ಟುವುದು ಕುಟುಂಬದೊಳಗೆ. 'ಅಪ್ಪನ ಆಸ್ತಿ, ಅಪ್ಪನೇ ಸಹಿ ಹಾಕ್ತಾರೆ, ಮಕ್ಕಳ ಸಹಿ ಯಾಕೆ?' ಎಂಬ ಪ್ರಶ್ನೆಗೆ ಉತ್ತರ, ಅದು ಅಪ್ಪನ ಕೈಗೆ ಹೇಗೆ ಬಂತು ಎಂಬುದರ ಮೇಲಿದೆ. ಸ್ವಂತ ದುಡಿಮೆಯಿಂದ ಕೊಂಡದ್ದಾದರೆ ಮಕ್ಕಳ ಸಹಿ ಕಾನೂನಿಗೆ ಬೇಕಿಲ್ಲ. ಆದರೂ ನಾಳೆ ಒಬ್ಬ ಮಗ ಬಂದು 'ಇದು ಊರ ಜಮೀನು ಮಾರಿದ ದುಡ್ಡಲ್ಲಿ ಕೊಂಡದ್ದು, ನನಗೂ ಪಾಲಿದೆ' ಎಂದರೆ ಕೋರ್ಟಿಗೆ ಅಲೆಯುವವರು ನೀವು. ಅದಕ್ಕೇ ಮಕ್ಕಳನ್ನು ಸಮ್ಮತಿ ಸಾಕ್ಷಿಗಳಾಗಿ ಸೇರಿಸುತ್ತಾರೆ. ಪಿತ್ರಾರ್ಜಿತವಾದರೆ ಮಾತೇ ಬೇರೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 9-9-2005ರಿಂದ ಜಾರಿಗೆ ಬಂತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 20-12-2004ಕ್ಕೆ ಮೊದಲೇ ನಡೆದುಹೋದ ಮಾರಾಟ, ನೋಂದಾಯಿತ ವಿಭಾಗಗಳಿಗೆ ಅದು ತಗಲುವುದಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ರಾಜ್ಯದ ತಿದ್ದುಪಡಿ ಇತ್ತು. ಅದನ್ನೇ ಹಿಡಿದುಕೊಂಡು 'ನಮ್ಮಕ್ಕಂಗೆ ಮೊದಲೇ ಮದುವೆಯಾಗಿತ್ತು, ಅವಳಿಗೆ ಪಾಲಿಲ್ಲ' ಎನ್ನುವವರು ಈಗಲೂ ಸಿಗುತ್ತಾರೆ. 2020ರ ತೀರ್ಪಿನ ಮುಂದೆ ಆ ಮಾತು ನಿಲ್ಲುವುದಿಲ್ಲ.

ಹಾಗಾಗಿ ವಂಶವೃಕ್ಷ ತರಿಸಿ. ಅದರಲ್ಲಿರುವ ಪ್ರತಿ ಹೆಸರಿಗೂ ಒಂದು ದಾರಿ ಕಾಣಬೇಕು: ಒಂದೋ ಅವರು ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿದ್ದಾರೆ, ಇಲ್ಲವೇ ನೋಂದಾಯಿತ ವಿಭಾಗದಲ್ಲಿ ಬೇರೆ ಪಾಲು ತೆಗೆದುಕೊಂಡಿದ್ದಾರೆ. ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿದ 'ನನ್ನ ಅಭ್ಯಂತರವಿಲ್ಲ' ಎಂಬ ಪತ್ರದಿಂದ ಹಕ್ಕು ಬಿಟ್ಟುಹೋಗುವುದಿಲ್ಲ. ತೀರಿಕೊಂಡ ಮಗನ ಹೆಂಡತಿ ಮಕ್ಕಳನ್ನು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಅಪ್ರಾಪ್ತ ಮಗುವಿನ ಹೆಸರಲ್ಲೇ ಪಾಲು ಬಂದಿದ್ದರೆ ತಾಯಿಯ ಸಹಿ ಸಾಲದು, ಜಿಲ್ಲಾ ನ್ಯಾಯಾಲಯದ ಪೂರ್ವಾನುಮತಿ ಬೇಕು. ಇಲ್ಲದಿದ್ದರೆ ಆ ಮಗು ಪ್ರಾಪ್ತನಾದ ಮೇಲೆ 3 ವರ್ಷದೊಳಗೆ ಬಂದು ಮಾರಾಟ ರದ್ದುಪಡಿಸಿ ಎಂದು ಕೇಳಬಹುದು.

ಬಡಾವಣೆಯ ಸೈಟಾದರೆ ಇನ್ನೂ ಹಿಂದಕ್ಕೆ, ಅದು ಜಮೀನಾಗಿದ್ದ ಕಾಲಕ್ಕೆ ಹೋಗಿ. ಪಹಣಿ, ಮ್ಯುಟೇಷನ್, ಭೂಪರಿವರ್ತನೆಯ ಆದೇಶ, ಎಲ್ಲದರಲ್ಲೂ ವಿಸ್ತೀರ್ಣ ಒಂದೇ ಇರಬೇಕು. ದಾಖಲೆಯಲ್ಲಿ ಎಲ್ಲಾದರೂ 'ಮಂಜೂರು' ಅಥವಾ 'ಸಾಗುವಳಿ ಚೀಟಿ' ಕಂಡರೆ ಯಾರಿಗೆ ಮಂಜೂರಾಗಿತ್ತು ಎಂದು ನೋಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅದು ಮಾರಾಟವೇ ಅಲ್ಲ. ಜಮೀನು ಮೂಲ ಕುಟುಂಬಕ್ಕೆ ವಾಪಸಾಗುತ್ತದೆ. ಅದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ ಎನ್ನುತ್ತದೆ 2023ರ ತಿದ್ದುಪಡಿ. ನಡುವೆ ಐದು ಕೈ ಬದಲಾಗಿದ್ದರೂ, ಮೇಲೆ ಮನೆ ಕಟ್ಟಿದ್ದರೂ ಕೊನೆಯಲ್ಲಿ ಕೊಂಡವರಿಗೇ ನೋಟಿಸು.

ಫ್ಲ್ಯಾಟಿನವರು ಕೇಳಬೇಕಾದ್ದು ಓ.ಸಿ. (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ಮತ್ತು ಅವಿಭಜಿತ ಜಾಗದ ಪಾಲು, ಅಂದರೆ ಕಟ್ಟಡ ನಿಂತ ನೆಲದಲ್ಲಿ ಆ ಫ್ಲ್ಯಾಟಿಗೆ ಸೇರುವ ಪಾಲು. ಎಲ್ಲ ಫ್ಲ್ಯಾಟುಗಳ ಪಾಲು ಕೂಡಿದರೆ ಶೇ. 100 ಆಗಬೇಕು, ಮೇಲಿನ ಅಂತಸ್ತು ಆಮೇಲೆ ಎಬ್ಬಿಸಿದ್ದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಜಂಟಿ ಅಭಿವೃದ್ಧಿಯ ಕಟ್ಟಡವಾದರೆ ಹಂಚಿಕೆ ಕರಾರು ತರಿಸಿ ನೋಡಿ, ನಿಮಗೆ ತೋರಿಸಿದ ಫ್ಲ್ಯಾಟು ಬಿಲ್ಡರ್ ಪಾಲಿನದೋ ಭೂಮಾಲೀಕರದೋ ಎಂದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಿರುವ ಯೋಜನೆಯಲ್ಲಿ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಇನ್ನು ಅಡ್ವಾನ್ಸ್. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ಮೂರು ವಿಷಯ ಬಿಡಬೇಡಿ: ಹಕ್ಕುದಾಖಲೆ ಸರಿಯಿಲ್ಲದಿದ್ದರೆ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸು, ಬ್ಯಾಂಕು ಸಾಲ ಕೊಡದಿದ್ದರೆ ಏನು, ಯಾವ ಯಾವ ಮೂಲ ಪತ್ರ ಕೊಡುತ್ತಾರೆ. ಕರಾರನ್ನು ನೋಂದಾಯಿಸಿದರೆ ಅದು ಇ.ಸಿ.ಯಲ್ಲಿ ಕಾಣುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಆದರೆ ಕರಾರಿನಲ್ಲೇ ಸ್ವಾಧೀನ ಕೊಟ್ಟೆ ಎಂದು ಬರೆದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಮಾರುವವರ ಸಾಲ ಬಾಕಿಯಿದ್ದರೆ ಅವರ ಕೈಗೆ ದುಡ್ಡು ಕೊಟ್ಟು 'ತೀರಿಸಿ ಬನ್ನಿ' ಎನ್ನಬೇಡಿ. ಬಾಕಿ ಪತ್ರ, ಬ್ಯಾಂಕಿನಲ್ಲಿರುವ ಮೂಲ ಪತ್ರಗಳ ಪಟ್ಟಿ ಎರಡನ್ನೂ ಪಡೆದು ಸಾಲದ ಖಾತೆಯ ಹೆಸರಿಗೇ ಡಿ.ಡಿ. ಕೊಡಿ. ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸು ಕೊಡಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಖರ್ಚಿನ ಲೆಕ್ಕ 60 ಲಕ್ಷದ ಮನೆಗೆ ಹೀಗೆ. ಮುದ್ರಾಂಕ ಶೇ. 5 ಅಂದರೆ 3,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ 30,000, ನಗರದಲ್ಲಿ ಶೇ. 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಅಂದರೆ 1,20,000. ಒಟ್ಟು 4,56,000. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ 60 ಲಕ್ಷಕ್ಕಿಂತ ಹೆಚ್ಚಿದ್ದರೆ ಅದರ ಮೇಲೆಯೇ ಲೆಕ್ಕ.

ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದು, ಇಲ್ಲಿ 60,000. ಕಡಿತ ಮಾಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ದರ ಶೇ. 20ಕ್ಕೆ ಏರುತ್ತದೆ, ನೋಟಿಸು ಬರುವುದು ನಿಮಗೆ. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ. 1ರ ನಿಯಮವೇ ಅನ್ವಯಿಸುವುದಿಲ್ಲ, ಕಡಿತ ತುಂಬಾ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರವನ್ನು ಅವರೇ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರಬೇಕು. ಅವರು ಬರಲಾಗದೆ ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಕಳಿಸಿದರೆ ಅಲ್ಲಿನ ಭಾರತೀಯ ದೂತಾವಾಸದ ಅಥವಾ ನೋಟರಿಯ ದೃಢೀಕರಣವಿರಬೇಕು, ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು. ನೋಂದಣಿಯ ದಿನ ಆ ಜಿ.ಪಿ.ಎ. ಕೊಟ್ಟವರು ಬದುಕಿದ್ದಾರೆ ಎಂಬುದನ್ನೂ ಒಂದು ವಿಡಿಯೊ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯ ಜಿ.ಪಿ.ಎ.ಯ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ.