ಹೋಲ್ಡನ್‌ಗೆ ಯಾವ ಥೆರಪಿ ಕೊಡ್ತೀರಿ?

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ, ಓದುವ ಹುಚ್ಚಿರುವವರು ಒಂದು ಪ್ರಶ್ನೆ ಕೇಳುತ್ತಾರೆ: "ಕಾದಂಬರಿಯ ಹುಡುಗರು ನಿಮ್ಮ ಹತ್ರ ಬಂದರೆ ಯಾರಿಗೆ ಯಾವ ಥೆರಪಿ?" ಹೆಚ್ಚಿನವರ ಮನಸ್ಸಿನಲ್ಲಿರುವುದು ಹೋಲ್ಡನ್ ಕಾಲ್‌ಫೀಲ್ಡ್. 1951ರಲ್ಲಿ ಬಂದ 'ದ ಕ್ಯಾಚರ್ ಇನ್ ದ ರೈ' ಕಾದಂಬರಿಯ ಆ ಸಿಡುಕು ಹುಡುಗ.

"ಸಿಟ್ಟು ಇಳಿಸೋ ಥೆರಪಿ, ಅಲ್ವಾ?" ಅಂತ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಶಾಲೆಗಳಲ್ಲಿ ನಿಲ್ಲುವುದಿಲ್ಲ, ಕಂಡವರನ್ನೆಲ್ಲ ಬೂಟಾಟಿಕೆಯವರು ಅಂತ ಬೈಯುತ್ತಾನೆ, ನಿಜ. ಆದರೆ ಅವನ ತಮ್ಮ ಆಲಿ ರಕ್ತದ ಕ್ಯಾನ್ಸರ್‌ನಿಂದ ಸತ್ತಾಗ ಹೋಲ್ಡನ್‌ಗೆ 13 ವರ್ಷ. ಆ ರಾತ್ರಿ ಗ್ಯಾರೇಜಿನ ಕಿಟಕಿಗಳನ್ನೆಲ್ಲ ಬರಿ ಮುಷ್ಟಿಯಲ್ಲಿ ಒಡೆದು ಹಾಕಿದ. ಮನೋವಿಶ್ಲೇಷಣೆಗೆ ಕಳಿಸುವ ಮಾತು ಆಗಲೇ ಬಂದಿತ್ತು. ಅದೂ ಕಿಟಕಿ ಒಡೆದ ಅಂತ!

ನನ್ನ ಆಯ್ಕೆ ಐಪಿಟಿ, ಅಂದರೆ ಇಂಟರ್‌ಪರ್ಸನಲ್ ಸೈಕೋಥೆರಪಿ. ಹದಿಹರೆಯದವರ ಖಿನ್ನತೆಗೆ ಲಾರಾ ಮಫ್ಸನ್ ಮತ್ತು ಸಹೋದ್ಯೋಗಿಗಳು ಹೊಂದಿಸಿದ ರೂಪದಲ್ಲಿ ಇದು ಸುಮಾರು 12 ವಾರದ್ದು. ಸಾವಿನ ದುಃಖ, ಹತ್ತಿರದವರ ಜೊತೆ ಜಗಳ, ಬದುಕಿನ ತಿರುವು, ಜನರ ಜೊತೆ ಬೆರೆಯಲಾಗದ ಕಷ್ಟ. ಇವುಗಳಲ್ಲಿ ಯಾವುದು ಖಿನ್ನತೆಯ ಜೊತೆ ತಳುಕು ಹಾಕಿಕೊಂಡಿದೆ ಅಂತ ನೋಡಿ ಅದನ್ನೇ ಹಿಡಿಯುತ್ತಾರೆ. ಆಲಿಯ ಬೇಸ್‌ಬಾಲ್ ಗ್ಲೌಸ್ ಹೋಲ್ಡನ್‌ನ ಸೂಟ್‌ಕೇಸಿನಲ್ಲೇ ಇದೆ. ಅದರ ತುಂಬ ಆಲಿ ಹಸಿರು ಇಂಕಿನಲ್ಲಿ ಬರೆದುಕೊಂಡಿದ್ದ ಪದ್ಯಗಳು. ಅದನ್ನು ತಗೊಂಡು ಬಾ ಅನ್ನುತ್ತಿದ್ದೆ. ಆಮೇಲೆ ಫೋನು. ತನಗಿಷ್ಟವಾದ ಗೆಳತಿ ಜೇನ್‌ಗೆ ಫೋನ್ ಮಾಡಬೇಕು ಅಂತ ಮತ್ತೆ ಮತ್ತೆ ಅಂದುಕೊಳ್ಳುತ್ತಾನೆ, ಮೂಡ್ ಇಲ್ಲ ಅಂತ ಬಿಡುತ್ತಾನೆ. ಒಮ್ಮೆ ಮಾಡಿದ, ಅವಳಮ್ಮ ಎತ್ತಿದರು, ಇಟ್ಟುಬಿಟ್ಟ. ಐಪಿಟಿಯಲ್ಲಿ ಇಂಥ ಮಾತುಕತೆಯನ್ನು ಥೆರಪಿಸ್ಟ್ ಎದುರಿಗೇ ಆಡಿ ರೂಢಿ ಮಾಡಿಸುತ್ತಾರೆ. "ಅವಳಮ್ಮನೇ ಎತ್ತಿದರೆ ಏನಂತೀಯಾ?" ಅಲ್ಲಿಂದಲೇ ಶುರು ಮಾಡಬಹುದು.

ರೈಲಿ ಸುಲಭ. 2024ರ 'ಇನ್‌ಸೈಡ್ ಔಟ್ 2' ಸಿನಿಮಾದ 13ರ ಹುಡುಗಿ. ಐಸ್ ಹಾಕಿ ಟೀಮಿಗೆ ಸೇರಲೇಬೇಕು ಅನ್ನೋ ಆತಂಕ. ಅವಳಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಥೆರಪಿ, ಸಾಕು. ಪ್ರಾಕ್ಟೀಸಿನಲ್ಲಿ ಬೇಕಂತಲೇ ಒಂದು ತಪ್ಪು ಪಾಸ್ ಕೊಡು, ಏನಾಗುತ್ತೆ ನೋಡೋಣ ಅಂದರಾಯಿತು.

ತಲೆ ಕೆಡಿಸುವವಳು 1999ರ 'ಸ್ಪೀಕ್' ಕಾದಂಬರಿಯ ಮೆಲಿಂಡಾ. ಪಾರ್ಟಿಯಲ್ಲಿ ಅವಳ ಮೇಲೆ ಅತ್ಯಾಚಾರ ಆಗಿದೆ. ಪೊಲೀಸರಿಗೆ ಫೋನ್ ಮಾಡಿದಳು ಅಂತ ಜೊತೆಯ ಮಕ್ಕಳಿಗೆ ಅವಳ ಮೇಲೆ ಕೋಪ. ಯಾಕೆ ಮಾಡಿದಳು ಅಂತ ಯಾರಿಗೂ ಗೊತ್ತಿಲ್ಲ. ಬರಬರುತ್ತಾ ಮಾತೇ ಕಡಿಮೆಯಾಗುತ್ತದೆ. ನನ್ನ ವಿದ್ಯಾರ್ಥಿಗಳು ತಟ್ಟನೆ "ಟಿಎಫ್-ಸಿಬಿಟಿ" ಅನ್ನುತ್ತಾರೆ, ಆಘಾತ ಅನುಭವಿಸಿದ ಮಕ್ಕಳಿಗೆಂದೇ ಇರುವ ಸಿಬಿಟಿ. ಹೆಸರೇನೋ ಸರಿ. ಅದರಲ್ಲಿ ಮೊದಲು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುವುದು ಕಲಿಸಿ, ಆಮೇಲೆ ನಡೆದದ್ದನ್ನು ಸ್ವಲ್ಪ ಸ್ವಲ್ಪವೇ ಹೇಳಿಸುತ್ತಾರೆ. ಆದರೆ ಆ ಹುಡುಗ ಅದೇ ಶಾಲೆಯಲ್ಲಿ ಓಡಾಡಿಕೊಂಡಿದ್ದಾನಲ್ಲ! ಅವಳ ಭಯದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಅವನು ಅವಳ ಹತ್ತಿರ ಸುಳಿಯದ ಹಾಗೆ ಮಾಡುವುದೇ ಮೊದಲ ಕೆಲಸ. ಅಲ್ಲಿಯವರೆಗೆ ಚಿತ್ರಕಲೆ ಮೇಷ್ಟ್ರು ಕೊಟ್ಟ ಮರವನ್ನು ಅವಳು ಸುಮ್ನೆ ಬಿಡಿಸಿಕೊಂಡಿರಲಿ.

ಅಂದಹಾಗೆ, ಪುಸ್ತಕದ ಕೊನೆಯಲ್ಲಿ ಹೋಲ್ಡನ್‌ಗೂ ಒಬ್ಬ ಮನೋವಿಶ್ಲೇಷಕ ಸಿಗುತ್ತಾನೆ. ಅವನು ಏನು ಕೇಳುತ್ತಿರುತ್ತಾನೆ ಗೊತ್ತಾ? ಸೆಪ್ಟೆಂಬರ್‌ನಲ್ಲಿ ಶಾಲೆಗೆ ಹೋದ ಮೇಲೆ ಮನಸ್ಸಿಟ್ಟು ಓದ್ತೀಯಾ ಅಂತ.