ಪೋಸ್ಟ್‌ಗ್ರೆಸ್ ಡಾಕ್ಯುಮೆಂಟೇಶನ್‌ನಲ್ಲಿ ಯಾವ ಅಡ್ಡಹೆಸರು ಇರಬೇಕು?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೆಲವು ಫಂಕ್ಷನ್‌ಗಳಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ; ಹೆಚ್ಚುವರಿ ಹೆಸರೇ ಅಡ್ಡಹೆಸರು (ಏಲಿಯಾಸ್). ಮೊದಲು ಅವುಗಳ ಪಟ್ಟಿ ತೆಗೆಯಿರಿ. ಫಂಕ್ಷನ್‌ಗಳ ವಿವರವಿರುವ ಪಿಜಿ_ಪ್ರಾಕ್ ಕೋಷ್ಟಕದಲ್ಲಿ ಪ್ರೊಎಸ್‌ಆರ್‌ಸಿ (ಫಂಕ್ಷನ್ ಹಿಂದಿನ ಕೋಡ್ ಯಾವುದೆಂದು ಹೇಳುವ ಕಾಲಂ) ಮತ್ತು ಆರ್ಗ್ಯುಮೆಂಟ್ ಟೈಪ್‌ಗಳ ಮೇಲೆ ಗ್ರೂಪ್ ಮಾಡಿದರೆ ಸೀಲ್–ಸೀಲಿಂಗ್, ನೌ–ಟ್ರಾನ್ಸಾಕ್ಷನ್_ಟೈಮ್‌ಸ್ಟ್ಯಾಂಪ್ ಜೋಡಿಗಳು ಸಿಗುತ್ತವೆ. ಹಲವು ಸಾಲುಗಳಿಂದ ಒಂದು ಫಲಿತಾಂಶ ಕೊಡುವ ಅಗ್ರಿಗೇಟ್‌ಗಳಿಗೆ ಈ ದಾರಿ ನಡೆಯದು: ಅವೆಲ್ಲಕ್ಕೂ ಪ್ರೊಎಸ್‌ಆರ್‌ಸಿ ಒಂದೇ, ‘ಅಗ್ರಿಗೇಟ್_ಡಮ್ಮಿ’. ಅಲ್ಲಿ ಪಿಜಿ_ಅಗ್ರಿಗೇಟ್ ಕೋಷ್ಟಕದ ಟ್ರಾನ್ಸಿಷನ್ (ಪ್ರತಿ ಸಾಲನ್ನೂ ಲೆಕ್ಕಕ್ಕೆ ಸೇರಿಸುವ) ಮತ್ತು ಫೈನಲ್ (ಕೊನೆಯ ಫಲಿತಾಂಶ ಕೊಡುವ) ಫಂಕ್ಷನ್‌ಗಳನ್ನು ಹೋಲಿಸಬೇಕು.

ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲಿರುವ ಹೆಸರು ಮುಖ್ಯ ನಮೂದಾಗಲಿ. ಎಸ್‌ಟಿಡಿಡೆವ್‌ನಂಥ (ಸ್ಟ್ಯಾಂಡರ್ಡ್ ಡೀವಿಯೇಷನ್ ಕೊಡುವ ಫಂಕ್ಷನ್) ಹಳೆಯ ಹೆಸರಿಗೆ ‘ಎಸ್‌ಟಿಡಿಡೆವ್_ಸ್ಯಾಂಪ್‌ನ ಅಡ್ಡಹೆಸರು’ ಎಂಬ ಒಂದು ಸಾಲು ಸಾಕು, ಆದರೆ ಆ ಸಾಲು ಇರಲೇಬೇಕು. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಬರೆದವರು ಬಳಸಿದ ಹೆಸರೇ ಅದರ ಡೆಫಿನಿಷನ್‌ನಲ್ಲಿ ಉಳಿಯುತ್ತದೆ. ವರ್ಷಗಳ ನಂತರ ಓದುವವರು ಹುಡುಕುವುದೂ ಅದನ್ನೇ.

ಅಡ್ಡಹೆಸರಿನಂತೆ ಕಾಣುವ ಬೇರೆ ಫಂಕ್ಷನ್‌ಗಳೇ ನಿಜವಾದ ಅಪಾಯ. ಪಠ್ಯದಲ್ಲಿ ಪದ ಎಲ್ಲಿದೆ ಎಂದು ಹೇಳುವ ಎರಡು ಫಂಕ್ಷನ್‌ಗಳಲ್ಲಿ ಪೊಸಿಷನ್‌ಗೆ ಹುಡುಕುವ ಪದ ಮೊದಲು, ಎಸ್‌ಟಿಆರ್‌ಪಾಸ್‌ಗೆ ಪಠ್ಯ ಮೊದಲು. ಪೋಸ್ಟ್‌ಗ್ರೆಸ್‌ನಲ್ಲಿ ಲೆಂಗ್ತ್ ಮತ್ತು ಕ್ಯಾರ್_ಲೆಂಗ್ತ್ ಎರಡೂ ಯುಟಿಎಫ್-8ರ ‘ಕನ್ನಡ’ ಪದಕ್ಕೆ 5 ಕೊಡುತ್ತವೆ (ಕ, ನ, ವಿರಾಮ ಚಿಹ್ನೆ ‘್’, ನ, ಡ). ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಲೆಂಗ್ತ್ ಬೈಟ್ ಎಣಿಸುವುದರಿಂದ ಅದೇ ಪದಕ್ಕೆ 15. ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ಲೆಂಗ್ತ್‌ನ ನಮೂದಿನಲ್ಲಿ ಕನ್ನಡದ್ದೇ ಉದಾಹರಣೆ ಕೊಡಿ, ಪಕ್ಕದಲ್ಲಿ ಬೈಟ್ ಎಣಿಸುವ ಆಕ್ಟೆಟ್_ಲೆಂಗ್ತ್‌ನ ಫಲಿತಾಂಶವನ್ನೂ ತೋರಿಸಿ.